ಅರ್ಧ ಪಾಲಿನ ಹೆಲಿಬೋರ್

ಬ್ರಿಲ್ಲಿ, ಹೆರಿಫರ್ಡ್‌ಶೈರ್
9 ನವೆಂಬರ್ 1992

ಶ್ರೀಮತಿ ಯಾಪ್ ಅವರಿಗೆ,

ನಿಮ್ಮ ಕಾಗದ ಶುಕ್ರವಾರ ಬಂತು. ಉತ್ತರ ಬರೆಯಲು ಮೂರು ದಿನ ಹಿಡಿಯಿತು. ಕೋಪದಿಂದಲ್ಲ, ನಿಮ್ಮನ್ನು ಏನೆಂದು ಕರೆದು ಶುರುಮಾಡಬೇಕು ಎಂಬುದೇ ತೋಚಲಿಲ್ಲ. ನಮ್ಮ ತೋಟ ನೋಡಲು ಜನ ಬರುವ ಫೆಬ್ರವರಿ ಭಾನುವಾರಗಳಿಗೆ ನೀವು ಕೇಕ್ ಮಾಡಿ ತರುತ್ತಿದ್ದ ಕಾಲದಲ್ಲಿ ಡೋರೀನ್ ಎನ್ನುತ್ತಿದ್ದೆ. ಆಮೇಲೆ ಒಂದು ಅಕ್ಟೋಬರಿನಲ್ಲಿ ಕೇಕಿನ ಡಬ್ಬಿಯ ಜೊತೆ ನನ್ನ ಗಂಡನೂ ನಿಮ್ಮ ಮನೆಗೆ ಹೋದ. ಅಂದಿನಿಂದ ನಿಮ್ಮನ್ನು ಯಾವ ಹೆಸರಿನಿಂದಲೂ ಕರೆಯುವ ಸಂದರ್ಭ ಬಂದಿಲ್ಲ. ಸದ್ಯಕ್ಕೆ ಶ್ರೀಮತಿ ಯಾಪ್ ಎಂದೇ ಇರಲಿ.

ಕ್ಲೆಮ್‌ಗೆ ಆಗಸ್ಟಿನಲ್ಲಿ ಲಕ್ವ ಹೊಡೆದದ್ದು ನನಗೆ ಗೊತ್ತಿರಲಿಲ್ಲ. ಬಲಗೈ ಬಿದ್ದುಹೋಗಿದೆ, ನಾಲ್ಕೈದು ಮಾತು ಬಿಟ್ಟರೆ ನಾಲಿಗೆ ಹೊರಳುವುದಿಲ್ಲ, ಮುಂದಿನ ಬೇಸಿಗೆ ನೋಡುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ ಎಂದು ಬರೆದಿದ್ದೀರಿ. ಓದಿ ಬೇಜಾರಾಯಿತು. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದವನು, ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನನ್ನಿಂದ ನಿರೀಕ್ಷಿಸಬೇಡಿ.

ಇನ್ನು ನೀವು ಕೇಳಿದ ವಿಷಯಕ್ಕೆ ಬರುತ್ತೇನೆ. ಅವನು ಇಲ್ಲಿಂದ ಒಯ್ದ ಹೆಲಿಬೋರ್ ಗಿಡ ಅವನು ಈಗ ದಿನವಿಡೀ ಕೂರುವ ಕಿಟಕಿಯ ಎದುರಿಗೇ ಇದೆ, ಹನ್ನೊಂದು ಚಳಿಗಾಲ ಕಳೆದರೂ ಒಂದು ಹೂ ಬಿಟ್ಟಿಲ್ಲ, ಈ ಫೆಬ್ರವರಿಯಲ್ಲಾದರೂ ಅವನು ಅದರ ಹೂ ನೋಡಿ ಹೋಗಬೇಕು, ಏನು ಮಾಡಲಿ ಎಂದು ಕೇಳಿದ್ದೀರಿ. ಗಿಡದ ಬಗ್ಗೆ ಯಾರು ಕೇಳಿದರೂ ನಾನು ಉತ್ತರ ಕೊಡುತ್ತೇನೆ. ಅಂಚೆಯವನಿಗೂ ಕೊಟ್ಟಿದ್ದೇನೆ.

ಮೊದಲು ಬುಡ ನೋಡಿ. ಬುಡ ಮಣ್ಣಿನ ಮಟ್ಟಕ್ಕೇ ಇರಬೇಕು. ಎರಡು ಬೆರಳು ಆಳಕ್ಕೆ ಹೂತುಹೋಗಿದ್ದರೂ ಸಾಕು, ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ವರ್ಷವರ್ಷ ಗೊಬ್ಬರ ಹೊದಿಸುವ ಉತ್ಸಾಹದಲ್ಲಿ ಜನ ಅದನ್ನು ಹೂತೇಬಿಡುತ್ತಾರೆ. ಕೈಯಿಂದ ಮೆಲ್ಲಗೆ ಮಣ್ಣು ಸರಿಸಿ, ಕಬ್ಬಿಣ ತಾಗಿಸಬೇಡಿ. ಎರಡನೆಯದು, ಬೆಳಕು. ಬೇಸಿಗೆಯಲ್ಲಿ ನೆರಳು ಬೇಕು, ಚಳಿಗಾಲದಲ್ಲಿ ಆಕಾಶ ಕಾಣಬೇಕು. ಎಲೆ ಉದುರುವ ಮರದ ಕೆಳಗೆ ಅದು ಸುಖವಾಗಿರುತ್ತದೆ, ಬೇಲಿಯ ಒಣ ಮೂಲೆಯಲ್ಲಿ ಕೊರಗುತ್ತದೆ. ನೀರಿನ ವಿಷಯ ಈಗ ಹೇಳಿ ಪ್ರಯೋಜನವಿಲ್ಲ, ಆದರೂ ತಿಳಿದಿರಲಿ. ಫೆಬ್ರವರಿಯ ಹೂವು ಹಿಂದಿನ ಜುಲೈ ಆಗಸ್ಟಿನಲ್ಲೇ ಮಣ್ಣಿನೊಳಗೆ ತಯಾರಾಗುತ್ತದೆ. ಆ ಎರಡು ತಿಂಗಳು ಬಾಯಾರಿಸಿದರೆ ಆಮೇಲೆ ಎಷ್ಟು ಉಪಚಾರ ಮಾಡಿದರೂ ಅಷ್ಟೇ. ಎಲೆಗೊಬ್ಬರ ಹಾಕಿ, ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿ, ಆದರೆ ಬುಡದಿಂದ ಒಂದು ಗೇಣು ದೂರ. ಹಸಿ ಗೊಬ್ಬರ ಸುರಿದರೆ ಎಲೆಗಳು ಎಲೆಕೋಸಿನಷ್ಟು ಅಗಲ ಬರುತ್ತವೆ, ಅಷ್ಟರಲ್ಲೇ ಅದರ ಸಂಭ್ರಮ ಮುಗಿಯುತ್ತದೆ.

ಹಳೆಯ ಎಲೆಗಳನ್ನೆಲ್ಲ ಕ್ರಿಸ್‌ಮಸ್‌ಗೆ ಮುಂಚೆ ಬುಡದವರೆಗೆ ಕತ್ತರಿಸಿಬಿಡಿ. ಕೈಗವಸು ಹಾಕಿಕೊಳ್ಳಿ, ಆ ರಸ ಚರ್ಮಕ್ಕೆ ಆಗುವುದಿಲ್ಲ. ಕಪ್ಪು ಮಚ್ಚೆಯಿದ್ದ ಎಲೆಗಳನ್ನು ಸುಟ್ಟುಹಾಕಿ. ಎಲೆ ತೆಗೆದ ಮೇಲೆ ಬುಡದಲ್ಲಿ ಮಣ್ಣಿಗೆ ಅಂಟಿದಂತೆ ದಪ್ಪ ಮೊಗ್ಗುಗಳು ಕಾಣುತ್ತವೆಯೇ ಎಂದು ನೋಡಿ ನನಗೆ ಬರೆಯಿರಿ. ಮತ್ತೆ ಹಿಮ ಬಿದ್ದ ಬೆಳಿಗ್ಗೆ ಗಿಡ ಸತ್ತಂತೆ ನೆಲಕ್ಕೆ ಒರಗಿದರೆ ಗಾಬರಿಯಾಗಬೇಡಿ. ಬಿಸಿನೀರು ಹೊಯ್ಯಬೇಡಿ (ಹೊಯ್ದವರಿದ್ದಾರೆ). ಹತ್ತು ಗಂಟೆಯ ಹೊತ್ತಿಗೆ ತಾನೇ ಎದ್ದು ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯ, ಏನೇ ಆದರೂ ಈಗ ಅದನ್ನು ಕಿತ್ತು ಬೇರೆಡೆ ನೆಡಬೇಡಿ. ಪಾಲು ಮಾಡುವುದು, ಜಾಗ ಬದಲಿಸುವುದು ಎಲ್ಲ ಸೆಪ್ಟೆಂಬರ್ ಕೆಲಸ. ಚಳಿಗಾಲದಲ್ಲಿ ಎಬ್ಬಿಸಿದ ಹೆಲಿಬೋರ್ ಎರಡು ವರ್ಷ ಮುನಿಸಿಕೊಳ್ಳುತ್ತದೆ, ಕೆಲವು ಸಲ ಸತ್ತೇಹೋಗುತ್ತದೆ.

ಅದು ನಮ್ಮ ಹಳದಿ. ಕ್ಲೆಮ್ ನಿಮಗೆ ಹೇಳಿರಬಹುದು. ಆ ತಳಿ ಮಾಡಲು ಹದಿನಾಲ್ಕು ವರ್ಷ ಹಿಡಿಯಿತು. ಎಲ್ಲರ ಹೆಲಿಬೋರುಗಳೂ ನೆಲ ನೋಡುತ್ತವೆ, ಬಂದವರು ಗಲ್ಲ ಹಿಡಿದೆತ್ತಿ ಮುಖ ನೋಡಬೇಕು. ನಮ್ಮ ಹಳದಿ ಎದುರಿಗೆ ನಿಂತವರನ್ನು ನೇರ ನೋಡುತ್ತದೆ, ಒಳಗೆ ಒಂದು ಚುಕ್ಕೆಯೂ ಇಲ್ಲ. ಕ್ಲೆಮ್ ಹೂವಿಂದ ಹೂವಿಗೆ ಪರಾಗ ಸೋಕಿಸಿ ಮದುವೆ ಮಾಡಿಸುವವನು, ನಾನು ಬೀಜ ಬಿತ್ತಿ, ಮೂರು ವರ್ಷ ಕಾದು, ಮೊದಲ ಹೂ ಬಿಟ್ಟಾಗ ಯಾವುದು ಉಳಿಯಬೇಕು ಯಾವುದು ಹೋಗಬೇಕು ಎಂದು ಆರಿಸುವವಳು. ಉಳಿಯಬೇಕಾದ ಸಸಿಗೆ ಹಸಿರು ಉಣ್ಣೆಯ ಎಳೆ ಕಟ್ಟುತ್ತಿದ್ದೆ, ಎಸೆಯಬೇಕಾದದ್ದಕ್ಕೆ ಕೆಂಪು. ನೂರು ಸಸಿಯಲ್ಲಿ ತೊಂಬತ್ತಕ್ಕೆ ಕೆಂಪು. ಅವನು ನನ್ನ ಹಿಂದೆಯೇ ಬರುತ್ತಿದ್ದ. "ಇನ್ನೊಂದು ವರ್ಷ ನೋಡೋಣ ಹೆಸ್ಟರ್, ಪಾಪ, ಅದೇನ್ ಮಾಡಿದೆ ನಿಂಗೆ" ಎನ್ನುತ್ತಿದ್ದ. ಕೆಂಪು ಕಟ್ಟಿದವನ್ನೆಲ್ಲ ತಂದು ಶೆಡ್ಡಿನ ಹಿಂದೆ ನೆಟ್ಟುಕೊಳ್ಳುತ್ತಿದ್ದ. ಅದಕ್ಕೆ ನಾನು ಕಸದ ಸಾಲು ಎಂದು ಹೆಸರಿಟ್ಟಿದ್ದೆ. ನಮ್ಮ ಮನೆಯ ಜಗಳಗಳಲ್ಲಿ ಅರ್ಧಕ್ಕರ್ಧ ಆ ಸಾಲಿನವೇ.

ಹೋಗುವ ದಿನ ಅವನು ಕೇಳಿದ್ದು ಹಳದಿಯ ಅರ್ಧ ಪಾಲು ಮಾತ್ರ. ಬೇರೇನೂ ಕೇಳಲಿಲ್ಲ. ನಾನೇ ಅಗೆದು, ಒದ್ದೆ ಪತ್ರಿಕೆಯಲ್ಲಿ ಸುತ್ತಿ ಕೊಟ್ಟೆ. ಒಳ್ಳೆಯ ಪಾಲನ್ನೇ ಕೊಟ್ಟಿದ್ದೆ.

ಇಂತಿ,
ಹೆಸ್ಟರ್ ಗ್ವಿಲ್ಲಿಯಂ

ಮರೆತಿದ್ದೆ: ಒಂದು ಹೂವೂ ಬಿಟ್ಟಿಲ್ಲ ಎಂದು ಬರೆದಿದ್ದೀರಿ. ಖಂಡಿತವೇ? ಮೊದಲ ವರ್ಷವೂ? ಕ್ಲೆಮ್ ಅದರ ಹೂವನ್ನು ನೋಡಿಯೇ ಇಲ್ಲವೇ?

•

ಲಡ್ಲೋ
30 ನವೆಂಬರ್ 1992

ಪ್ರೀತಿಯ ಹೆಸ್ಟರ್,

ನೀವು ಉತ್ತರ ಬರೆಯುವುದಿಲ್ಲ ಎಂದುಕೊಂಡಿದ್ದೆ. ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡಾಗ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ನೀವು ಏನೆಂದು ಬೇಕಾದರೂ ಕರೆಯಿರಿ, ನಾನಂತೂ ಹೆಸ್ಟರ್ ಎಂದೇ ಬರೆಯುತ್ತೇನೆ, ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಹೇಳಿದ್ದನ್ನೆಲ್ಲ ಮಾಡಿದೆ. ಬುಡ ಸರಿಯಾಗಿಯೇ ಇದೆ, ಆಳ ಹೋಗಿಲ್ಲ. ಮೇಲೆ ಪಕ್ಕದ ಮನೆಯವರ ಸೇಬಿನ ಮರವಿದೆ, ಈಗ ಅದರಲ್ಲಿ ಒಂದೆಲೆಯೂ ಇಲ್ಲ. ನೀರಿಗೆ ಈ ಆಗಸ್ಟ್ ಒಂದು ಬಿಟ್ಟು ಯಾವ ವರ್ಷವೂ ಕಡಿಮೆಯಾಗಿಲ್ಲ. ಕ್ಲೆಮ್ ದಿನಾ ಸಂಜೆ ಒಂದು ಕ್ಯಾನ್ ಹೊಯ್ಯುತ್ತಿದ್ದರು. ಆಸ್ಪತ್ರೆಯಲ್ಲಿದ್ದಾಗ ಅವರು ಕಿಟಕಿ ಕಡೆ ತೋರಿಸಿ ಕ್ಯಾನ್ ಬಗ್ಗಿಸುವ ಹಾಗೆ ಎಡಗೈ ಆಡಿಸುತ್ತಿದ್ದರು, ನರ್ಸು ಕುಡಿಯಲು ನೀರು ಕೊಟ್ಟಳು. ನನಗೆ ಅರ್ಥವಾಗಿ ಮನೆಗೆ ಬಂದು ನಾನೇ ಹಾಕಿದೆ. ಎಲೆಗಳನ್ನು ನಿನ್ನೆ ಕತ್ತರಿಸಿದೆ, ಕೈಗವಸು ಹಾಕಿಕೊಂಡೇ. ತೊಟ್ಟುಗಳು ಎಷ್ಟು ಗಾಢ ನೇರಳೆ, ನನ್ನ ಬೀಟ್‌ರೂಟ್ ಬುಟ್ಟಿ ನೆನಪಾಯಿತು.

ಹೆಸ್ಟರ್, ಮೊಗ್ಗುಗಳಿವೆ. ಒಂಬತ್ತು ಎಣಿಸಿದೆ. ಆದರೆ ನಾನು ಮೊದಲ ಕಾಗದದಲ್ಲಿ ಸರಿಯಾಗಿ ಬರೆದಿರಲಿಲ್ಲ. ಮೊಗ್ಗು ಪ್ರತಿವರ್ಷವೂ ಬರುತ್ತಿತ್ತು. ಜನವರಿಯಲ್ಲಿ ಒಂದು ದಿನ ನೋಡಿದರೆ ಒಂದೂ ಇರುತ್ತಿರಲಿಲ್ಲ, ಬರಿ ಗಿಡ್ಡ ಗಿಡ್ಡ ತೊಟ್ಟುಗಳು. ಕ್ಲೆಮ್ ಒಳಗೆ ಬಂದು "ಈ ವರ್ಷಾನೂ ಇಲಿ ತಿಂದುಬಿಡ್ತು ಡೋರೀನ್" ಎನ್ನುತ್ತಿದ್ದರು. ನಾನು ಪಾಪ ಎಂದುಕೊಂಡು ಅವತ್ತು ಅವರಿಗೆ ಇಷ್ಟವಾದ ಹಂದಿಮಾಂಸದ ಪೈ ಮಾಡುತ್ತಿದ್ದೆ. ಎಷ್ಟು ಅಚ್ಚುಕಟ್ಟಾದ ಇಲಿ ಎಂದು ನನಗೆ ಆಶ್ಚರ್ಯ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಓರೆಯಾಗಿ ಕಡಿದಿರುತ್ತಿತ್ತು, ಚೂರುಪಾರು ಏನೂ ಬಿದ್ದಿರುತ್ತಿರಲಿಲ್ಲ.

ಅದಕ್ಕೇ ಈ ಸಲ ನಾಲ್ಕು ಇಲಿಬೋನು ತಂದು ಗಿಡದ ಸುತ್ತ ಇಟ್ಟೆ. ಕಿಟಕಿಯಿಂದ ನೋಡುತ್ತಿದ್ದ ಕ್ಲೆಮ್ "ಬೇಡ" ಎಂದರು. ಅವರಿಗೆ ಉಳಿದಿರುವ ಮಾತುಗಳಲ್ಲಿ ಅದೊಂದು. ಬೇಡ, ಚಹಾ, ಹೂಂ, ಮತ್ತೆ ಡೋರ್, ಅಂದರೆ ನಾನು, ಕೆಲವು ಸಲ ಬಾಗಿಲು. ಇಲಿಯ ಮೇಲೂ ಅವರಿಗೆ ಕನಿಕರ ನೋಡಿ. ನಾನು ಬೋನು ತೆಗೆಯಲಿಲ್ಲ. ಇದುವರೆಗೆ ಒಂದು ಇಲಿಯೂ ಬಿದ್ದಿಲ್ಲ.

ಬೇರೆ ಏನಾದರೂ ಮಾಡಬೇಕಿದ್ದರೆ ಬೇಗ ಬರೆಯಿರಿ. ಅವರು ದಿನದಿಂದ ದಿನಕ್ಕೆ ಹಗುರಾಗುತ್ತಿದ್ದಾರೆ. ಮುಂಚೆ ಕುರ್ಚಿಗೆ ಕೂರಿಸಲು ಇಬ್ಬರು ಬೇಕಿತ್ತು, ಈಗ ನಾನೊಬ್ಬಳೇ ಎತ್ತುತ್ತೇನೆ.

ನಿಮ್ಮ,
ಡೋರೀನ್

ಮರೆತಿದ್ದೆ: ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿದೆ. ಕಸದ ಸಾಲಿನ ವಿಷಯ ಬಂದಾಗ ನಕ್ಕರು. ಅರ್ಧ ಮುಖದಲ್ಲಿ ಮಾತ್ರ ನಗು ಬರುತ್ತದೆ ಈಗ.

•

ಬ್ರಿಲ್ಲಿ
8 ಡಿಸೆಂಬರ್ 1992

ಡೋರೀನ್ ಅವರಿಗೆ,

ಬೋನುಗಳನ್ನು ತೆಗೆದುಬಿಡಿ. ನಿಮ್ಮ ಮನೆಯಲ್ಲಿ ಇಲಿಯಿಲ್ಲ.

ಇಲಿ ಹೆಲಿಬೋರಿನ ಮೊಗ್ಗು ಕಡಿಯುವುದು ನಿಜ. ಒಳಗಿನ ಪರಾಗ ಅದಕ್ಕೆ ರುಚಿ. ಆದರೆ ಇಲಿ ಗಲೀಜು ಪ್ರಾಣಿ. ದಳಗಳನ್ನು ಹರಿದು ಸುತ್ತಲೂ ಚೆಲ್ಲಿರುತ್ತದೆ, ತೊಟ್ಟಿನ ತುದಿ ಜಗಿದ ಹಗ್ಗದಂತಿರುತ್ತದೆ. ಓರೆಯಾಗಿ, ಒಂದೇ ಏಟಿಗೆ, ಚೂರೂ ಬೀಳದ ಹಾಗೆ ಕತ್ತರಿಸುವ ಒಬ್ಬನೇ ಒಬ್ಬನನ್ನು ನಾನು ಬಲ್ಲೆ. ಅವನ ಬಲಗೈ ಈಗ ಬಿದ್ದುಹೋಗಿದೆ, ಆದ್ದರಿಂದ ಈ ವರ್ಷ ನಿಮ್ಮ ಗಿಡ ಖಂಡಿತ ಹೂ ಬಿಡುತ್ತದೆ. ನನ್ನ ಸಲಹೆ ಯಾವುದೂ ಬೇಕಿರಲಿಲ್ಲ.

ಇನ್ನು ಮುಂದಿನದನ್ನು ಅವನಿಗೆ ಓದಿ ಹೇಳಬೇಡಿ.

ಅದು ಹಳದಿಯಲ್ಲ. ನಾನು ಹಿಂದಿನ ಕಾಗದದಲ್ಲಿ ನಿಮಗೆ ಸುಳ್ಳು ಬರೆದೆ, ಹನ್ನೊಂದು ವರ್ಷದ ಹಿಂದೆ ಅವನಿಗೆ ಸುಳ್ಳು ಹೇಳಿದೆ. ಅವನು ಗುದ್ದಲಿ ಹಿಡಿದು ಹಿತ್ತಿಲ ಕಡೆ ಹೊರಟಿದ್ದ. "ನೀನು ಚಹಾ ಕುಡೀತಾ ಕೂತ್ಕೋ, ನಾನೇ ಅಗೆದು ಕೊಡ್ತೀನಿ" ಎಂದೆ. ಅವನು ಪಾಪದವನಂತೆ ಕೂತ. ನಾನು ಹಳದಿಯ ಮುಂದೆ ಹೋಗಿ ನಿಂತೆ, ಗುದ್ದಲಿ ಹಾಕಲು ಕೈ ಬರಲಿಲ್ಲ. ಅಲ್ಲಿಂದ ಶೆಡ್ಡಿನ ಹಿಂದೆ ಹೋಗಿ ಕಸದ ಸಾಲಿನಿಂದ ಒಂದನ್ನು ಕಿತ್ತೆ. ನಾನು ಆರಿಸಿ ತೆಗೆದದ್ದು ಆ ಸಾಲಿನಲ್ಲೇ ಕುರೂಪಿಯನ್ನು. ಮಸಿ ಕಲಸಿದ ನೇರಳೆ, ಕೆಸರು ಮೆತ್ತಿದಂಥ ಬಣ್ಣ, ದಳಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಅವನು ಮೂರು ವರ್ಷ ನನ್ನ ಕೈಯಿಂದ ಅದನ್ನು ಉಳಿಸಿಕೊಂಡಿದ್ದ. ಅದಕ್ಕೆ ಕಟ್ಟಿದ್ದ ಕೆಂಪು ಎಳೆಯನ್ನು ಬಿಚ್ಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ, ಗಿಡವನ್ನು ಪತ್ರಿಕೆಯಲ್ಲಿ ಸುತ್ತಿದೆ. ನನ್ನನ್ನು ಎಸೆದು ಹೋಗುವವನಿಗೆ ನಾನು ಎಸೆದದ್ದೇ ಸಾಕು ಎಂದು ಅನಿಸಿತ್ತು. ಆವತ್ತು ಅದು ಬಹಳ ಜಾಣತನವಾಗಿ ಕಂಡಿತು.

ಮುಂದಿನ ಫೆಬ್ರವರಿಯಲ್ಲಿ ಹೂ ಅರಳುತ್ತದೆ, ಅವನಿಗೆ ಗೊತ್ತಾಗುತ್ತದೆ, ಕೆಂಡದಂತಾಗಿ ಗಿಡ ಹಿಡಿದುಕೊಂಡು ಗೇಟಿಗೆ ಬರುತ್ತಾನೆ ಎಂದು ನನ್ನ ಲೆಕ್ಕ. ಅವನು ಬೈಯಲಿ ಎಂದೇ ಕೊಟ್ಟಿದ್ದು. ಬೈಯಲಾದರೂ ಬರಲಿ ಎಂದು ಕೊಟ್ಟಿದ್ದು. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳಬೇಕಾಗಿ ಬಂತು ನೋಡಿ. ಅವನು ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಪ್ರತಿ ಫೆಬ್ರವರಿಯ ಎರಡು ಭಾನುವಾರ ಬಂದವರಿಗೆಲ್ಲ ಹೂ ತೋರಿಸುತ್ತಾ ಒಂದು ಕಣ್ಣು ಗೇಟಿನ ಮೇಲೆ ಇಟ್ಟಿರುತ್ತಿದ್ದೆ. ಕೊನೆಗೆ, ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟೂ ಅವನಲ್ಲಿ ಏನೂ ಉಳಿದಿಲ್ಲ ಎಂದು ತೀರ್ಮಾನ ಮಾಡಿಕೊಂಡೆ. ಗಿಡ ಒಮ್ಮೆಯೂ ಹೂ ಬಿಟ್ಟಿಲ್ಲ ಎಂದು ನಿಮ್ಮ ಕಾಗದದಲ್ಲಿ ಓದಿದಾಗ, ಅವನಿಗೆ ಗೊತ್ತೇ ಆಗಿರಲಿಲ್ಲ ಎಂದು ಮೂರು ವಾರ ನೆಮ್ಮದಿಯಾಗಿದ್ದೆ.

ಆಮೇಲೆ ನೀವು ತೊಟ್ಟು ನೇರಳೆ ಎಂದು ಬರೆದಿರಿ. ಹಳದಿ ಹೂವಿನ ಗಿಡಕ್ಕೆ ಯಾವತ್ತೂ ಹಸಿರು ತೊಟ್ಟು. ಅಂಥ ಕಪ್ಪು ಹೂವಿನ ಗಿಡದ ತೊಟ್ಟು ಬುಡದಿಂದಲೇ ಕಪ್ಪು ನೇರಳೆ. ಇಪ್ಪತ್ತೆರಡು ವರ್ಷ ಹೆಲಿಬೋರ್ ಸಾಕಿದ ಕ್ಲೆಮ್ ಪತ್ರಿಕೆ ಬಿಚ್ಚಿದ ಕ್ಷಣವೇ ಅದನ್ನು ನೋಡಿರುತ್ತಾನೆ, ಬಹುಶಃ ನಿಮ್ಮ ಅಡುಗೆಮನೆಯ ಮೇಜಿನ ಮೇಲೇ. ಬಣ್ಣದ ಮೇಲೆ ಸಸಿ ಆರಿಸುವವಳು ನಾನು, ಆ ಸಿಟ್ಟಿನಲ್ಲಿ ಆ ಒಂದು ವಿಷಯ ನನಗೇ ಹೊಳೆಯಲಿಲ್ಲ.

ಅಂದರೆ ಅವನಿಗೆ ಮೊದಲ ದಿನದಿಂದ ಗೊತ್ತು. ಗೊತ್ತಿದ್ದೂ ನೆಟ್ಟ, ದಿನಾ ಸಂಜೆ ನೀರು ಹೊಯ್ದ, ನಿಮಗೆ ಕಾಣದಿರಲಿ ಎಂದು ಜನವರಿ ಬಂದಾಗಲೆಲ್ಲ ಮೊಗ್ಗು ಕತ್ತರಿಸಿದ. ಹೆಸ್ಟರ್ ಮೋಸ ಮಾಡಿದಳು ಎಂದು ನಿಮ್ಮ ಮುಂದೆ ತೋರಿಸಲು ಇಷ್ಟವಿರಲಿಲ್ಲವೋ, ಅದನ್ನೊಂದು ಜಗಳ ಮಾಡಿ ಇಲ್ಲಿಗೆ ಬರಲು ಇಷ್ಟವಿರಲಿಲ್ಲವೋ ನನಗೆ ತಿಳಿಯದು. ಎರಡರಲ್ಲಿ ಯಾವುದಾದರೂ ನನಗೆ ಸುಖವಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ನೆರೆಮನೆಯ ಪ್ರೀಸ್ ಸೋಮವಾರ ಲಡ್ಲೋ ಸಂತೆಗೆ ಬರುತ್ತಾರೆ. ಅವರ ವ್ಯಾನಿನಲ್ಲಿ ಒಂದು ಕುಂಡ ಕಳುಹಿಸುತ್ತಿದ್ದೇನೆ. ಅದು ಹಳದಿ. ಚಳಿಗಾಲದಲ್ಲಿ ಎಬ್ಬಿಸಬೇಡಿ ಎಂದು ನಿಮಗೆ ಬರೆದವಳು ನಿನ್ನೆ ಬೆಳಿಗ್ಗೆ ಅದನ್ನು ಎಬ್ಬಿಸಿದೆ, ಮಣ್ಣಿನ ಹೆಂಟೆ ಒಡೆಯದ ಹಾಗೆ, ಹೊಟ್ಟೆಯ ಮೇಲೆ ಮಲಗಿ ಕೈಯಿಂದ. ಈ ವಯಸ್ಸಿನಲ್ಲಿ ನೋಡುವಂಥ ದೃಶ್ಯವಲ್ಲ. ಮೂರು ಮೊಗ್ಗಿವೆ. ಬಿಸಿ ಕೋಣೆಯಲ್ಲಿಡಬೇಡಿ, ಕಿಟಕಿಯ ಹೊರಗೆ ಗೋಡೆಗೆ ಒತ್ತಿ ಇಡಿ. ಒಂದಾದರೂ ಅರಳಿದರೆ ಅವನಿಗೆ ತೋರಿಸಿ. ಕಪ್ಪು ಗಿಡ ಹೂ ಬಿಡುವ ಮೊದಲೇ ಅದನ್ನು ಕಿತ್ತು ಬೆಂಕಿಗೆ ಹಾಕಿ.

ಹೆಸ್ಟರ್

ಮರೆತಿದ್ದೆ: ಕುಂಡದಲ್ಲಿರುವುದು ಹಳದಿಯ ಅರ್ಧವಲ್ಲ, ಪೂರ್ತಿ. ಪಾಲು ಮಾಡಿದ್ದರೆ ಎರಡೂ ಸಾಯುತ್ತಿದ್ದವು. ನನ್ನಲ್ಲಿ ಬೇರೆ ಇಲ್ಲ.

•

ಲಡ್ಲೋ
6 ಮಾರ್ಚ್ 1993

ಪ್ರೀತಿಯ ಹೆಸ್ಟರ್,

ಕ್ಲೆಮ್ ಬುಧವಾರ ಬೆಳಿಗ್ಗೆ ಹೋದರು. ಚಹಾ ತಂದು ಮೇಜಿನ ಮೇಲಿಟ್ಟು ತಿರುಗಿ ನೋಡಿದೆ, ಅಷ್ಟರಲ್ಲಿ ಆಗಿತ್ತು. ಕಷ್ಟಪಡಲಿಲ್ಲ. ಫೋನಿನಲ್ಲಿ ಹೇಳಲು ನನಗೆ ಧೈರ್ಯವಾಗಲಿಲ್ಲ, ಅದಕ್ಕೇ ಕಾಗದ. ಗುರುವಾರ ಹನ್ನೊಂದಕ್ಕೆ ಸೇಂಟ್ ಲಾರೆನ್ಸ್ ಚರ್ಚಿನಲ್ಲಿ ಅಂತ್ಯಸಂಸ್ಕಾರ. ನೀವು ಬಂದರೆ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಜಾಗ ಇಟ್ಟಿರುತ್ತೇನೆ. ಜನ ಏನಾದರೂ ಅಂದುಕೊಳ್ಳಲಿ.

ನಿಮ್ಮ ಡಿಸೆಂಬರಿನ ಕಾಗದಕ್ಕೆ ಎರಡು ಸಾಲು ಥ್ಯಾಂಕ್ಸ್ ಬರೆದು ಸುಮ್ಮನಾಗಿದ್ದೆ. ಅದನ್ನು ಓದಿ ನನಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ. ಹನ್ನೊಂದು ವರ್ಷ ನಾನು ಪೈ ಮಾಡಿ ಸಮಾಧಾನ ಹೇಳಿದ್ದು ಯಾವ ಇಲಿಗೆ ಎಂದು. ಆಮೇಲೆ ಕ್ಲೆಮ್ ಮೇಲೆ ಸಿಟ್ಟು ಬಂತು. ಮಾತು ಬಾರದವರ ಮೇಲೆ ಎಷ್ಟು ದಿನ ಸಿಟ್ಟು ಮಾಡಲಿ.

ಕಪ್ಪು ಗಿಡವನ್ನು ಕೀಳಲಿಲ್ಲ. ಗುದ್ದಲಿ ತೆಗೆದುಕೊಂಡು ಹೋದೆ, ಕ್ಲೆಮ್ ಒಳಗಿನಿಂದ ಕಿಟಕಿ ಗಾಜನ್ನು ಉಂಗುರದಿಂದ ಬಡಿದರು. ನಾನು ನೋಡಿದರೆ ಬೇಡ, ಬೇಡ ಎನ್ನುವುದು ಗಾಜಿನ ಆಚೆಯಿಂದಲೂ ಕಾಣುತ್ತಿತ್ತು. ವಾಪಸು ಬಂದೆ.

ಜನವರಿ ಕೊನೆಗೆ ಅದು ಅರಳಿತು. ಒಂಬತ್ತೂ ಅರಳಿದವು. ನೀವು ಬರೆದಷ್ಟು ಕುರೂಪವೇನೂ ಅಲ್ಲ, ಆದರೆ ಚೆಂದ ಎಂದು ಹೇಳಲಾರೆ. ಹಳದಿಯಲ್ಲಿ ಎರಡು ಮೊಗ್ಗು ಕಪ್ಪಾಗಿ ಉದುರಿದವು, ಒಂದು ಉಳಿಯಿತು. ಫೆಬ್ರವರಿ ಹದಿನಾಲ್ಕಕ್ಕೆ ಅದೂ ಅರಳಿತು. ಹೆಸ್ಟರ್, ಅಂಥ ಹೂವನ್ನು ನಾನು ನೋಡಿರಲಿಲ್ಲ. ಅಷ್ಟು ವರ್ಷ ನಿಮ್ಮ ಮನೆಗೆ ಕೇಕ್ ತರುತ್ತಿದ್ದಾಗ ಕೇಕ್ ಕತ್ತರಿಸುವುದರಲ್ಲೇ ಇರುತ್ತಿದ್ದೆ, ಹೂ ನೋಡಲು ಬಿಡುವಿರಲಿಲ್ಲ.

ಎರಡೂ ಗಿಡದಿಂದ ಒಂದೊಂದು ಹೂ ಕಿತ್ತು, ನಿಮ್ಮಲ್ಲಿ ಮಾಡುತ್ತಿದ್ದ ಹಾಗೆ ನೀರಿನಲ್ಲಿ ಮುಖ ಮೇಲಾಗಿ ತೇಲಿಬಿಡೋಣ ಎಂದು ಸಾಸರ್ ಹುಡುಕಿದೆ. ಕ್ಲೆಮ್ ಶೆಡ್ಡಿನ ಕಡೆ ಕೈ ತೋರಿಸಿದರು. ಅವರ ಶೆಡ್ಡಿಗೆ ನಾನು ಹೋಗುವವಳಲ್ಲ. ಹೋಗಿ ನೋಡಿದರೆ ಕಿಟಕಿಯ ಕೆಳಗಿನ ಹಲಗೆಯ ಮೇಲೆ ನೀಲಿ ಅಂಚಿನ ಒಂದು ಸಾಸರ್, ನಿಮ್ಮ ಮನೆಯದು. ಪಕ್ಕದಲ್ಲಿ ಅವರ ಸಣ್ಣ ಚಾಕು, ಎದುರಿಗೆ ಸ್ಟೂಲು. ಸಾಸರಿನ ತಳದಲ್ಲಿ ನೀರು ಆರಿ ಆರಿ ಉಳಿದ ಬಿಳಿ ವೃತ್ತಗಳು, ಅದಕ್ಕೆ ಅಂಟಿಕೊಂಡು ಒಣಗಿದ ಒಂದು ಕಪ್ಪು ದಳ. ಆಗ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಊಟಕ್ಕೆ ಕರೆಯಲು ಹೋಗಿದ್ದೆ, ಅವರು ಅಲ್ಲಿ ಕೂತು ತೇಲುತ್ತಿದ್ದ ಕಪ್ಪು ಹೂಗಳನ್ನು ನೋಡುತ್ತಿದ್ದರು. ಎಲ್ಲಿಯದು ಎಂದು ಕೇಳಿದ್ದಕ್ಕೆ "ಸಂತೇಲಿ ಯಾರೋ ಕೊಟ್ರು" ಎಂದಿದ್ದರು. ನಾನು ಮರೆತಿದ್ದೆ.

ಮೊಗ್ಗು ಕತ್ತರಿಸಿ ಎಸೆಯುತ್ತಿರಲಿಲ್ಲ ಹೆಸ್ಟರ್. ಒಳಗೊಯ್ದು ಅರಳಿಸಿಕೊಂಡು ನೋಡುತ್ತಿದ್ದರು.

ಅದೇ ಸಾಸರನ್ನು ತೊಳೆದು ಎರಡೂ ಹೂ ತೇಲಿಬಿಟ್ಟು ಅವರ ತೊಡೆಯ ಮೇಲಿಟ್ಟೆ. ಹಳದಿಯನ್ನು ಎತ್ತಿ, ತಿರುಗಿಸಿ, ಹಿಂಬದಿ ನೋಡಿ, ಒಳಗೆ ಚುಕ್ಕೆ ಇದೆಯೇ ನೋಡಿ, ತಲೆಯಾಡಿಸಿದರು, ಮೇಷ್ಟ್ರು ಒಳ್ಳೆಯ ಅಂಕ ಕೊಟ್ಟ ಹಾಗೆ. "ಹೆಸ್ಟರ್ ಕಳಿಸಿದ್ದು" ಎಂದೆ. "ಬೇಡ" ಎಂದರು. ಹಳದಿಯನ್ನು ನೀರಿಗೆ ಬಿಟ್ಟು, ಕಪ್ಪು ಹೂವನ್ನು ಬೆರಳಿನಿಂದ ತಮ್ಮ ಕಡೆ ಎಳೆದುಕೊಂಡು "ಇದು" ಎಂದರು. ಆಗಸ್ಟಿನಿಂದ ಆ ಮಾತು ಅವರ ಬಾಯಲ್ಲಿ ಬಂದಿರಲಿಲ್ಲ. ಆಮೇಲೆ ಬಹಳ ಹೊತ್ತು ಒದ್ದಾಡಿ "ಹೆಸ್ಟರ್" ಎಂದರು. ಅರ್ಧ ಮುಖದಲ್ಲಿ ನಗುತ್ತಿದ್ದರು.

ಬೈದದ್ದೋ ಹೊಗಳಿದ್ದೋ ನನಗೆ ಗೊತ್ತಾಗಲಿಲ್ಲ. ನಿಮಗೆ ಗೊತ್ತಾಗಬಹುದು ಎಂದು ಹೇಗೆ ನಡೆಯಿತೋ ಹಾಗೇ ಬರೆದಿದ್ದೇನೆ.

ನಿಮ್ಮ,
ಡೋರೀನ್

ಮರೆತಿದ್ದೆ: ಆ ಹೂ ಬಾಡುವವರೆಗೆ ಐದು ದಿನ ಸಾಸರನ್ನು ಮುಟ್ಟಲು ಬಿಡಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

•

ಬ್ರಿಲ್ಲಿ
12 ಮಾರ್ಚ್ 1993

ಪ್ರಿಯ ಡೋರೀನ್,

ನಿನ್ನೆ ಬಂದಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದೆ, ಕೊನೆಯ ಹಾಡಿಗೆ ಮುಂಚೆ ಎದ್ದು ಬಂದೆ. ನೀವು ತಿರುಗಿ ತಿರುಗಿ ನೋಡುತ್ತಿದ್ದದ್ದು ಕಾಣಿಸಿತು. ಪಕ್ಕದ ಜಾಗ ಖಾಲಿ ಇಟ್ಟದ್ದೂ ಕಾಣಿಸಿತು. ಬಂದು ಕೂರಲು ಕಾಲು ಬರಲಿಲ್ಲ, ಅಷ್ಟೇ. ಪೆಟ್ಟಿಗೆಯ ಮೇಲೆ ಕಪ್ಪು ಹೆಲಿಬೋರುಗಳನ್ನು ಇಟ್ಟಿದ್ದಿರಿ. ನನ್ನ ಪಕ್ಕ ಕೂತಿದ್ದ ಹೆಂಗಸು "ಬಾಡಿದ ಹೂ ಯಾಕೆ ಇಟ್ಟಿದಾರೆ" ಎಂದಳು. ಅವು ಬಾಡಿಲ್ಲ, ಅವು ಇರುವುದೇ ಹಾಗೆ ತಲೆ ತಗ್ಗಿಸಿ ಎಂದು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ ಎಂದು ಕಾಣುತ್ತದೆ, ಪಾದ್ರಿ ಒಂದು ಕ್ಷಣ ನಿಲ್ಲಿಸಿದರು.

ಈ ಸಲ ತೋಟ ನೋಡಲು ಬಂದವರೆಲ್ಲ ಹಳದಿ ಎಲ್ಲಿ ಎಂದು ಕೇಳಿದರು. ವರ್ಷವರ್ಷ ಅದಕ್ಕೆಂದೇ ಬರುವವರಿದ್ದಾರೆ. ಅದಿದ್ದ ಜಾಗದಲ್ಲಿ ಒಂದು ಗುಂಡಿ, ಅದರ ಮುಂದೆ ನಾನು. ಇಲಿ ತಿಂದುಬಿಟ್ಟಿತು ಎಂದೆ. ಎಲ್ಲರೂ ಪಾಪ ಎಂದು ಮುಂದೆ ಹೋದರು. ಬಹಳ ಅನುಕೂಲದ ಪ್ರಾಣಿ ಅದು, ಕ್ಲೆಮ್ ಯಾಕೆ ಹನ್ನೊಂದು ವರ್ಷ ಅದನ್ನೇ ಇಟ್ಟುಕೊಂಡಿದ್ದ ಎಂದು ಆಗ ಅರ್ಥವಾಯಿತು.

ಬೈದದ್ದೋ ಹೊಗಳಿದ್ದೋ ಎಂದು ಕೇಳಿದ್ದೀರಿ. ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನನಗೂ ಗೊತ್ತಿಲ್ಲ. ಹಳದಿ ನಮ್ಮಿಬ್ಬರದು, ಊರಿಗೆಲ್ಲ ತೋರಿಸಲು ಮಾಡಿದ್ದು. ಆ ಕಪ್ಪನ್ನು ನಾನು ಅವನೊಬ್ಬನಿಗೆಂದೇ ಆರಿಸಿದ್ದೆ, ಎಷ್ಟೇ ಕೆಟ್ಟ ಮನಸ್ಸಿನಿಂದ ಆರಿಸಿದ್ದರೂ. ಅವನಿಗೆ ಅದು ತಿಳಿದಿತ್ತು. ನಾನು ಇಲ್ಲಿ ಗೇಟು ನೋಡುತ್ತಿದ್ದ ಹೊತ್ತಿಗೆ ಅವನು ಅಲ್ಲಿ ಶೆಡ್ಡಿನಲ್ಲಿ ನನ್ನ ಸಾಸರಿನಲ್ಲಿ ಅದನ್ನು ನೋಡುತ್ತಿದ್ದ ಎಂದು ತಿಳಿದ ಮೇಲೆ ಎರಡು ದಿನ ನಾನು ತೋಟಕ್ಕೆ ಇಳಿಯಲಿಲ್ಲ. ಅತ್ತೆ. ಬಹಳ ಅತ್ತೆ. ಅದನ್ನು ಮುಚ್ಚಿಟ್ಟು ಈಗ ಯಾರಿಗೆ ಏನಾಗಬೇಕಿದೆ.

ಹಳದಿಯನ್ನು ವಾಪಸು ಕಳುಹಿಸುವ ಮಾತು ಬೇಡ. ಇನ್ನೊಂದು ಸಲ ವ್ಯಾನಿನಲ್ಲಿ ಕುಲುಕಾಡಿದರೆ ಸಾಯುತ್ತದೆ. ಏಪ್ರಿಲಿನಲ್ಲಿ ಸೇಬಿನ ಮರದ ಕೆಳಗೇ, ಕಪ್ಪಿನಿಂದ ಎರಡಡಿ ದೂರಕ್ಕೆ ನೆಡಿ. ಬುಡ ಮಣ್ಣಿನ ಮಟ್ಟಕ್ಕೆ. ಜುಲೈ ಆಗಸ್ಟಿನಲ್ಲಿ ನೀರು. ಎರಡು ವರ್ಷ ಮುನಿಸಿಕೊಂಡಿರುತ್ತದೆ, ನೀವು ಮಾತಾಡಿಸಲು ಹೋಗಬೇಡಿ.

ನನಗೆ ನಿಮ್ಮಿಂದ ಬೇಕಾದದ್ದು ಒಂದೇ. ಸೆಪ್ಟೆಂಬರಿನಲ್ಲಿ ಕಪ್ಪನ್ನು ಅಗೆದು ಪಾಲು ಮಾಡಿ ನನಗೆ ಅರ್ಧ ಕೊಡಿ. ನೀವೇ ತನ್ನಿ, ಪ್ರೀಸ್ ಕೈಲಿ ಕೊಡಬೇಡಿ, ಅವರು ಮೊಟ್ಟೆಬುಟ್ಟಿಯ ಕೆಳಗೆ ಇಡುತ್ತಾರೆ. ಬರುವಾಗ ಕೇಕ್ ತರಬೇಡಿ, ನಾನು ಮಾಡಿರುತ್ತೇನೆ. ನಿಮ್ಮದರಷ್ಟು ಚೆನ್ನಾಗಿರುವುದಿಲ್ಲ. ಹಳದಿ ಇದ್ದ ಗುಂಡಿಯನ್ನು ಮುಚ್ಚದೆ ಹಾಗೇ ಇಟ್ಟಿದ್ದೇನೆ.

ನಿಮ್ಮ,
ಹೆಸ್ಟರ್

ಮರೆತಿದ್ದೆ: ಈ ಲಕೋಟೆಯಲ್ಲಿ ಒಂದು ಹಸಿರು ಉಣ್ಣೆಯ ಎಳೆ ಇದೆ. ಕಪ್ಪು ಗಿಡದ ಬುಡಕ್ಕೆ ಸಡಿಲವಾಗಿ ಕಟ್ಟಿ, ಈ ವಾರವೇ. ಮತ್ತೆ ಅರ್ಧ ಎಂದರೆ ಅರ್ಧ, ಡೋರೀನ್. ಬೇರೆ ಏನಾದರೂ ಸುತ್ತಿ ತಂದರೆ ತೊಟ್ಟು ನೋಡಿದ ಕೂಡಲೇ ನನಗೆ ಗೊತ್ತಾಗುತ್ತದೆ.